ಬೀಗ ಹಾಕಿದ ಕೋಣೆಯಲ್ಲಿ ನಮ್ಮತ್ತೆಯ ಕೆನ್ನೆ

ಬೆಳಗಾವಿಯ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನಮ್ಮತ್ತೆ ಶಿವಲಿಂಗವ್ವನವರ ಕೆನ್ನೆಯ ಒಳಪದರದಿಂದ ತೆಗೆದ ಜೀವಕೋಶಗಳು ಗಾಜಿನ ಪಟ್ಟಿಯ ಮೇಲೆ ಅಂಟಿಕೊಂಡು ತಮ್ಮ ಪ್ರಯೋಗಾಲಯದಲ್ಲಿವೆ. ಆ ಪ್ರಯೋಗಾಲಯಕ್ಕೆ ತಾವು ಬೀಗ ಹಾಕಿಸಿದ್ದೀರಿ. “ಪರೀಕ್ಷೆಗೊಳಗಾದ ಯಾವ ಮಹಿಳೆಯಲ್ಲಿಯೂ ಕ್ಯಾನ್ಸರ್ ಕಂಡುಬರದ ಕಾರಣ ಸದರಿ ಸಂಶೋಧನೆ ನಿಷ್ಪ್ರಯೋಜಕ” ಎಂಬುದು ತಮ್ಮ ಆದೇಶ. ನಮಗೆ ಕ್ಯಾನ್ಸರ್ ಬಾರದಿದ್ದುದಕ್ಕೆ ಕ್ಷಮೆ ಇರಲಿ. ಇನ್ನಷ್ಟು ಕಾಲಾವಕಾಶ ಕೊಟ್ಟಿದ್ದರೆ ಪ್ರಯತ್ನಿಸುತ್ತಿದ್ದೆವು.

ನಾನು ದೇಸೂರಿನವಳು, ಖಾನಾಪುರದಲ್ಲಿ ಶಿಕ್ಷಕಿ. ತಮ್ಮ ವಿಜ್ಞಾನಿ ಪೂರ್ಣಿಮಾ ನನಗೆ ರೈಲಿನಲ್ಲಿ ಪರಿಚಯವಾದರು. ನಮ್ಮ ಕಡೆಯ ಹೆಂಗಸರು ತಂಬಾಕು ಸುಟ್ಟು ಪುಡಿಮಾಡಿದ ಮಿಶ್ರಿಯಿಂದ ಹಲ್ಲುಜ್ಜುತ್ತಾರಲ್ಲ, ಅದರೊಳಗಿನ ಕ್ಯಾನ್ಸರ್‌ಕಾರಕಗಳು ಡಿಎನ್‌ಎಯನ್ನು ಹೇಗೆ ಕೆಡಿಸುತ್ತವೆ ಎಂಬುದು ಅವರ ಅಧ್ಯಯನ. ನಾನೇ ಮನೆಗೆ ಕರೆತಂದೆ. ನಮ್ಮತ್ತೆಗೆ ಬೆಳಿಗ್ಗೆ ಮೊದಲು ಮಿಶ್ರಿ; ಆಮೇಲೆ ಪೂಜೆ, ಎಮ್ಮೆ, ಸೊಸೆ, ಇದೇ ಕ್ರಮದಲ್ಲಿ.

“ಕೆನ್ನಿ ಕೆರದ್ರ ರಕ್ತ ಬರತೈತೇನವಾ?” ಎಂದು ಅತ್ತೆ ಪೂರ್ಣಿಮಾರನ್ನು ಕೇಳಿದರು.

“ಇಲ್ರೀ, ಕಡ್ಡಿಲೆ ಮೆಲ್ಲಕ ಸವರತೇನಿ, ಅಷ್ಟ.”

ಕೆಲವು ದಿನಗಳ ನಂತರ ಅತ್ತೆಯನ್ನೂ ಅವರಂತೆಯೇ ಕೆನ್ನೆ ಸವರಿಸಿಕೊಂಡಿದ್ದ ಓಣಿಯ ಹೆಂಗಸರನ್ನೂ ಪೂರ್ಣಿಮಾ ತಮ್ಮ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. “ಜೀವಕೋಶದಾಗ ದಾರ ಇದ್ದಂಗ ಡಿಎನ್‌ಎ ಇರತೈತ್ರೀ. ಮಿಶ್ರಿಯೊಳಗಿನ ವಿಷ ಅದನ್ನ ಹರೀತೈತಿ. ಹರದ ತುಂಡು ಹೀಂಗ ಬಾಜೂಕ ಚುಕ್ಕಿ ಆಗಿ ಉಳೀತೈತಿ.”

“ನನ್ನವು ಇಷ್ಟ್ಯಾಕ ಅದಾವ?” ಅತ್ತೆಯ ದನಿ ಇಳಿದಿತ್ತು.

“ಇದು ರೋಗ ಅಲ್ರೀ, ರೋಗದ ದಾರಿ. ಮಿಶ್ರಿ ಬಿಟ್ರ ಹೊಸಾ ಕೋಶ ಬರತಾವ, ಚುಕ್ಕಿ ಕಮ್ಮಿ ಆಗಬಹುದು. ಮತ್ತ ನೋಡೂಣು.”

ಅಂದೇ ಮಿಶ್ರಿಯ ಡಬ್ಬಿ ತಿಪ್ಪೆ ಸೇರಿತು. ಮುಂದಿನ ತಿಂಗಳುಗಳು ನಮ್ಮ ಮನೆಯಲ್ಲಿ ಹೇಗೆ ಕಳೆದವೆಂದು ಕೇಳಬೇಡಿ. ಸಾರಿಗೆ ಉಪ್ಪಿಲ್ಲವೆಂದು ಜಗಳ, ಉಪ್ಪು ಹಾಕಿದೆನೆಂದು ಜಗಳ. ಆದರೂ ಅತ್ತೆ ಮಿಶ್ರಿ ಮುಟ್ಟಲಿಲ್ಲ. ಪೂರ್ಣಿಮಾ ಬಂದು ಮತ್ತೊಮ್ಮೆ ಕೆನ್ನೆ ಸವರಿಕೊಂಡು ಹೋದರು. ಅದನ್ನು ನೋಡುವ ಮೊದಲೇ ತಮ್ಮ ಬೀಗ ಬಿತ್ತು.

ಅತ್ತೆ ಹಟ ಹಿಡಿದು ತಮ್ಮ ಕೇಂದ್ರಕ್ಕೇ ಬಂದರು. ತಾವು ಹೊರಗೆ ಬಂದು, “ನಿಮಗ ಏನೂ ಆಗಿಲ್ಲಜ್ಜಿ, ಮನಿಗೆ ಹೋಗ್ರಿ” ಎಂದಿರಿ.

“ಆದ ಮ್ಯಾಲ ಬಂದ್ರ ಬಾಗಲಾ ತಗೀತೀರೇನ್ರೀ?”

ತಾವು ಗಡಿಯಾರ ನೋಡಿಕೊಂಡಿರಿ. ಅಷ್ಟು ಸರಳವಾದ ಪ್ರಶ್ನೆಗೆ ಉತ್ತರ ಕೈಗಡಿಯಾರದಲ್ಲಿರುತ್ತದೆಯೇ?

ಪೂರ್ಣಿಮಾ ನಮ್ಮನ್ನು ಸ್ಟೇಶನ್ನಿನವರೆಗೆ ಕಳಿಸಲು ಬಂದರು. ಅತ್ತೆ ಅವರ ಕೈ ಹಿಡಿದುಕೊಂಡು, “ಕಮ್ಮಿ ಆಗೇತಿ ಅಂತ ಹೇಳಿಬಿಡವಾ, ಮನಸಿಗೆ ಸಮಾಧಾನ ಆಗತೈತಿ” ಎಂದರು.

ಪೂರ್ಣಿಮಾರ ಕಣ್ಣು ತುಂಬಿತು. “ನೋಡದ ಹೆಂಗ ಹೇಳ್ಲಿ ಅವ್ವಾ? ಸುಳ್ಳ ಹೇಳಾಕ ಬರೂದಿಲ್ಲ ನನಗ.”

ಅತ್ತೆ ಸಿಟ್ಟಾಗಲಿಲ್ಲ. ರೈಲು ಬರುವವರೆಗೂ ಆ ಕೈ ಬಿಡಲಿಲ್ಲ. ಇಂಥ ವಿಜ್ಞಾನಿಯನ್ನು ತಾವೀಗ ಅತಿಥಿಗಳ ಸ್ವಾಗತ ಸಮಿತಿಗೆ ಹಾಕಿದ್ದೀರಂತೆ. ಹೂಗುಚ್ಛದ ಡಿಎನ್‌ಎಗೆ ಅಷ್ಟು ತುರ್ತು ಬಂದಿದೆಯೇ?

ನಮ್ಮ ಬೇಡಿಕೆ ಇಷ್ಟೇ. ಪ್ರಯೋಗಾಲಯ ತೆರೆಸಿ, ಪೂರ್ಣಿಮಾರನ್ನು ಅಲ್ಲಿಗೆ ಮರಳಿಸಿ. ಚುಕ್ಕಿಗಳು ಕಡಿಮೆಯಾಗಿರಲಿ, ಹಾಗೆಯೇ ಇರಲಿ, ನಿಜ ಕೇಳುವ ಧೈರ್ಯ ನಮ್ಮತ್ತೆಗಿದೆ. ಬೀಗದ ಕೈ ಕಳೆದುಹೋಗಿದ್ದರೆ ಸಂಕೋಚಪಡಬೇಡಿ. ನನ್ನ ಗಂಡ ದುಂಡಪ್ಪ ಮಚ್ಛೆ ಊರಿನ ಕಾರ್ಖಾನೆಯಲ್ಲಿ ಕಬ್ಬಿಣ ಕತ್ತರಿಸುವವರು. ತಾಯಿಯ ಸಲುವಾಗಿ ರಜೆ ಹಾಕಿ ಬರಲು ಸಿದ್ಧರಿದ್ದಾರೆ.

ಇಂತಿ,
ಸಾರಿನ ಉಪ್ಪಿಗೆ ಅತ್ತೆಗೆ ದಿನವೂ ಸಮಜಾಯಿಷಿ ಕೊಡುತ್ತಿರುವ ಸೊಸೆ,
ಕಾಂತಾ, ದೇಸೂರ