ಹನ್ನೊಂದನೆಯ ಕಂತು

ಜಯನಗರ ನಾಲ್ಕನೇ ಟಿ ಬ್ಲಾಕ್
ಮಂಗಳವಾರ, 9 ಜುಲೈ 2024

ಪ್ರೀತಿಯ ಶಾಲಿನಿ,

ನಿನಗೂ ನಿನ್ನ ಯಜಮಾನರಿಗೂ ಈ ಅಕ್ಕನ ಆಶೀರ್ವಾದ. ನೀನು ಕಳಿಸಿದ್ದ ಹುಣಸೆ ತೊಕ್ಕು ಖಾಲಿಯಾಗಿ, ಬಾಟಲಿ ತೊಳೆದಿಟ್ಟು ಎರಡು ತಿಂಗಳಾಯಿತು. ಚೆನ್ನಾಗಿತ್ತು ಅಂತ ಒಂದು ಸಾಲು ಬರೆಯಲಿಲ್ಲ, ಬೈದುಕೊಳ್ಳಬೇಡ. ಜಯನಗರದಿಂದ ಇಟ್ಟಮಡುವಿಗೆ ಅಂಚೆಯಲ್ಲಿ ಕಾಗದ ಹಾಕುವವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಫೋನಿನಲ್ಲಿ ನಿನಗೆ ಕಿವಿ ಕೇಳಿಸುವುದಿಲ್ಲ, ವಾಟ್ಸಾಪ್ ಕಳಿಸಿದರೆ ನಿನಗಿಂತ ಮೊದಲು ದಿವ್ಯ ಓದುತ್ತಾಳೆ. ನಿನ್ನ ಸೊಸೆ ಒಳ್ಳೆಯವಳೇ, ಆದರೆ ಇದು ಅವಳಿಗಲ್ಲ.

ವಿಷಯಕ್ಕೆ ಬರುತ್ತೇನೆ. ಈ ಶನಿವಾರ ಆಶ್ರಿತ್ ಅಂತ ಒಬ್ಬ ಇಂಗ್ಲಿಷ್ ಮೇಷ್ಟ್ರು ನಿನ್ನ ಮನೆಗೆ ಬರುತ್ತಾನೆ. ನಮ್ಮ ಅಮ್ಮನ ಬಗ್ಗೆ ಕೇಳುತ್ತಾನೆ. ಕಾಫಿ ಕೊಡು, ಚಕ್ಕುಲಿ ಇದ್ದರೆ ಕೊಡು, ಉತ್ತರ ಮಾತ್ರ ಕೊಡಬೇಡ.

ನನ್ನ ಕಾದಂಬರಿ ನೆನಪಿದೆಯಲ್ಲ, ತೊಂಬತ್ತೊಂದರಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು? ಪ್ರಕಾಶಕ ರಾಮಪ್ರಸಾದ ಅದನ್ನು ಮತ್ತೆ ಅಚ್ಚು ಹಾಕಿಸುತ್ತಿದ್ದಾನೆ. ಮುನ್ನುಡಿ ಈ ಆಶ್ರಿತನದು. ಮೊನ್ನೆ ಭಾನುವಾರ ರಾಮಪ್ರಸಾದನ ಮನೆ ಮಹಡಿಯ ಮೇಲೆ ನಮ್ಮ ಓದು ಬಳಗ ಸೇರಿತ್ತು. ಅಲ್ಲಿ ಅದನ್ನು ಓದಿದ. ಗೋಡೆ ಮೇಲೆ ಚಿತ್ರ ಬೀಳಿಸಿಕೊಂಡು ಒಂದೂಕಾಲು ಗಂಟೆ ಓದಿದ. ಕೇಸರಿಬಾತ್ ಆರಿ ತಣ್ಣಗಾಯಿತು.

ಇವನದು ಮನೋವಿಶ್ಲೇಷಣೆ. ಅಂದರೆ, ಕಥೆಯಲ್ಲಿ ಯಾರು ಏನು ಮಾಡಿದರೂ ಅದನ್ನು ಮಾಡುತ್ತಿಲ್ಲ, ಬೇರೇನೋ ಮಾಡುತ್ತಿದ್ದಾರೆ ಎಂದು ಹೇಳುವ ವಿದ್ಯೆ. ನನ್ನ ನಾಯಕಿ ವಸುಧಾ ಒಂದು ಕಡೆ ಇಡ್ಲಿ ತಟ್ಟೆ ತಿಕ್ಕುತ್ತಾಳೆ. ಅದು ಪಾಪಪ್ರಜ್ಞೆಯಂತೆ, ಕಾಣದ ರಕ್ತದ ಕಲೆ ತೊಳೆಯುತ್ತಿದ್ದಾಳಂತೆ. ಇಡ್ಲಿ ತಟ್ಟೆಯನ್ನು ತಿಕ್ಕದೆ ಬಿಟ್ಟರೆ ಮಾರನೆಯ ದಿನ ಹುಳಿ ನಾತ ಹೊಡೆಯುತ್ತದೆ ಎಂದು ಆ ಮಹಾನುಭಾವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವಳು ಅಪ್ಪನ ಛತ್ರಿ ಹಿಡಿದು ಬ್ಯಾಂಕಿಗೆ ಹೋಗುತ್ತಾಳೆ. ಛತ್ರಿ ಅಪ್ಪನ ಅಧಿಕಾರವಂತೆ, ಅದನ್ನು ಬಿಚ್ಚುವುದು ಇನ್ನೂ ಏನೋ ಅಂತೆ, ನಿನಗೆ ಬರೆಯಲು ನನಗೆ ನಾಚಿಕೆ. ಆಷಾಢದ ಕಥೆ, ಮಳೆ ಬರುತ್ತಿತ್ತು, ಛತ್ರಿ ಕೊಟ್ಟೆ. ಇಷ್ಟೇ.

ಎಲ್ಲಕ್ಕಿಂತ ದೊಡ್ಡ ಸಂಶೋಧನೆ ವಸುಧಾಳ ತಾಯಿಯದು. ಹತ್ತನೆಯ ಕಂತಿನ ತನಕ ಆ ತಾಯಿ ಹಾಸಿಗೆ ಹಿಡಿದು ಗೊಣಗುತ್ತಾ ಇರುತ್ತಾಳೆ. ಮುಂದಿನ ಅಧ್ಯಾಯದಲ್ಲಿ ಇಲ್ಲವೇ ಇಲ್ಲ. ಸತ್ತಳು ಅಂತಲೂ ಇಲ್ಲ. ಕೊನೆಯವರೆಗೆ ಯಾರೂ ಅವಳ ಹೆಸರೆತ್ತುವುದಿಲ್ಲ. ಇದಕ್ಕೆ ಆಶ್ರಿತ್ ಹತ್ತು ಪುಟ ಬರೆದಿದ್ದಾನೆ. ಅಪ್ಪನನ್ನು ತನ್ನವನನ್ನಾಗಿ ಮಾಡಿಕೊಳ್ಳಲು ಮಗಳು ಮನಸ್ಸಿನ ಆಳದಲ್ಲಿ ತಾಯಿಯನ್ನು ಕೊಂದಿದ್ದಾಳೆ, ಕೊಂದದ್ದನ್ನು ತನ್ನಿಂದಲೇ ಮುಚ್ಚಿಟ್ಟಿದ್ದಾಳೆ, ಆ ಮೌನವೇ ಕಾದಂಬರಿಯ ಹೃದಯ, ಇತ್ಯಾದಿ. ಮುಂದಿನ ಸಾಲಿನ ಮೂರು ಹೆಂಗಸರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬಳಾದರೂ ಕಾದಂಬರಿ ಓದಿದ್ದರೆ ನನ್ನ ಹೆಸರು ಬದಲಾಯಿಸು.

ರೇವಣಸಿದ್ದಪ್ಪನವರು, ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್, ಪಾಪ, ಗಾಬರಿಯಾಗಿ ಕೇಳಿದರು. "ಅಲ್ಲಾ ಸಾರ್, ನಮ್ ತಾಯಿ ಮೇಲೆ ನಂಗೆ ಯಾವತ್ತೂ ಅಂಥದ್ದೇನೂ ಇರ್ಲಿಲ್ಲ."

"ನೀವು ಇಲ್ಲ ಅಂತ ಎಷ್ಟು ಗಟ್ಟಿಯಾಗ್ ಹೇಳ್ತೀರೋ ಅಷ್ಟು ಇದೆ ಅಂತಲೇ ಅರ್ಥ ಸಾರ್" ಅಂದ ಇವನು, ನಗುತ್ತಾ.

ಇದೆಂಥ ನ್ಯಾಯ ನೋಡು. ಒಪ್ಪಿದರೆ ಅಪರಾಧಿ, ಒಪ್ಪದಿದ್ದರೆ ಇನ್ನೂ ದೊಡ್ಡ ಅಪರಾಧಿ. ಎಪ್ಪತ್ತೆರಡು ವರ್ಷದ ಆ ಮನುಷ್ಯ ಆಮೇಲೆ ಕೇಸರಿಬಾತ್ ಮುಟ್ಟಲಿಲ್ಲ. ಮನೆಗೆ ಹೋಗಿ ಅಮ್ಮನ ಫೋಟೋ ಮುಂದೆ ನಿಂತು ಏನೇನು ಯೋಚನೆ ಮಾಡಿದರೋ. ಇವರ ವಿದ್ಯೆಯಿಂದ ಆಗುವುದು ಇದೇ, ಚೆನ್ನಾಗಿದ್ದವರ ತಲೆಗೆ ಹುಳ ಬಿಡುವುದು.

ನಾನು ಎದ್ದು ನಿಂತೆ. "ನೋಡಪ್ಪಾ, ಆಗ ನಾವು ವಾರವಾರ ಕೈಯಲ್ಲಿ ಬರೆದು ಕಳಿಸ್ತಿದ್ವಿ. ಕಾರ್ಬನ್ ಕಾಪಿ ಇಲ್ಲ, ಜೆರಾಕ್ಸ್ ಇಲ್ಲ. ಹನ್ನೊಂದನೇ ಕಂತು ಪತ್ರಿಕೆ ಆಫೀಸಲ್ಲಿ ಕಳೆದುಹೋಯ್ತು. ಅವರು ಹನ್ನೆರಡನ್ನೇ ಹನ್ನೊಂದು ಅಂತ ಹಾಕಿದ್ರು. ಆಮೇಲೆ ಪತ್ರಿಕೆ ಕತ್ತರಿಸಿ ಅಂಟಿಸಿಕೊಂಡೇ ಪುಸ್ತಕ ಅಚ್ಚು ಹಾಕಿದ್ದು. ತಾಯಿ ಸತ್ತದ್ದು ಕಳೆದುಹೋದ ಕಂತಿನಲ್ಲಿ. ಮನಸ್ಸಿನ ಆಳದಲ್ಲಲ್ಲ" ಅಂದೆ.

ಎಲ್ಲರೂ ನಕ್ಕರು. ರಾಮಪ್ರಸಾದ ಕೂಡ ನಕ್ಕ. ಹತ್ತು ಪುಟದ ಪಾಂಡಿತ್ಯ ಒಂದೇ ನಿಮಿಷದಲ್ಲಿ ಚಿಂದಿಯಾದದ್ದು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ, ಆರಿದ ಕೇಸರಿಬಾತ್ ಎರಡು ಸಲ ಹಾಕಿಸಿಕೊಂಡೆ.

ಆದರೆ ಆ ಪುಣ್ಯಾತ್ಮ ಬಿಡಲಿಲ್ಲ. ಮೆಟ್ಟಿಲಿಳಿಯುವಾಗ ಪಕ್ಕಕ್ಕೆ ಬಂದ. "ಮೇಡಂ, ಒಂದ್ ಡೌಟು. ಕಳೆದುಹೋಗಿದ್ದನ್ನ ಮತ್ತೆ ಬರೀಬಹುದಿತ್ತಲ್ವಾ? ಪುಸ್ತಕ ಆಗೋವಾಗ್ಲಾದ್ರೂ? ಮೂವತ್ತಮೂರು ವರ್ಷ ಇತ್ತು."

ಅಧಿಕಪ್ರಸಂಗಿ. ಮಂಡಿ ನೋವು, ನಿಧಾನವಾಗಿ ಇಳೀಬೇಕು, ಮಾತಾಡಿಸಬೇಡ ಅಂದೆ. ಅವನು ನನ್ನ ಕೈ ಹಿಡಿದು ಕೆಳಗಿನ ತನಕ ಇಳಿಸಿದ. ಆಟೋ ಹಿಡಿದುಕೊಟ್ಟ. ಆಟೋ ಹೊರಡುವಾಗ "ನಿಮ್ ತಾಯಿನೂ ಅದೇ ವರ್ಷ ಹೋಗಿದ್ದಂತೆ, ರಾಮಪ್ರಸಾದ್ ಸಾರ್ ಹೇಳಿದ್ರು. ಶನಿವಾರ ನಿಮ್ ತಂಗೀನ ಮಾತಾಡಿಸ್ತೀನಿ, ಮುನ್ನುಡೀಲಿ ಅವರ ಮಾತೂ ಇರ್ಲಿ" ಅಂದ. ರಾಮಪ್ರಸಾದನ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲ.

ಅವನು ಬಂದು ನಿನ್ನ ಮುಂದೆ ಮೊಬೈಲ್ ಇಡುತ್ತಾನೆ. ಅಮ್ಮ ಹೇಗೆ ಹೋದರು ಅಂತ ಕೇಳುತ್ತಾನೆ. ನೀನು ಎಲ್ಲರಿಗೂ ಹೇಳುವ ಹಾಗೆ ಹೇಳಲು ಶುರುಮಾಡುತ್ತೀಯ. ನಮ್ಮಕ್ಕನ ತೊಡೆ ಮೇಲೆ ತಲೆ ಇಟ್ಟುಕೊಂಡು, ತುಳಸಿ ನೀರು ಕುಡಿದು, ಕಿಟಕಿ ಕಡೆ ನೋಡುತ್ತಾ ಹೋದರು, ನಾನು ಭದ್ರಾವತಿಯಲ್ಲಿದ್ದೆ, ನನಗೆ ಆ ಪುಣ್ಯ ಇರಲಿಲ್ಲ ಅಂತ. ಹೇಳುತ್ತಾ ಕಣ್ಣೊರೆಸಿಕೊಳ್ಳುತ್ತೀಯ. ಹೋದ ವರ್ಷ ಶ್ರಾದ್ಧದ ದಿನ ನೀನು ಪುರೋಹಿತರಿಗೂ ಹೇಳಿದೆ. ಶನಿವಾರ ಹೇಳಬೇಡ ಶಾಲು. ನೆನಪಿಲ್ಲ ಅನ್ನು, ಕಿವಿ ಕೇಳಿಸಲ್ಲ ಅನ್ನು. ಕಂತು ಪತ್ರಿಕೆಯವರು ಕಳೆದರು ಅನ್ನು, ಅಷ್ಟು ಸಾಕು. ತೊಡೆ, ತುಳಸಿ ನೀರು ಅಂತ ಹೇಳಿದರೆ ಅವನು ಅದನ್ನು ಅಚ್ಚು ಹಾಕಿಸುತ್ತಾನೆ, ನಿನ್ನ ಹೆಸರಿನಲ್ಲಿ.

ಇಲ್ಲಿ ಬೇರೇನೂ ವಿಶೇಷವಿಲ್ಲ. ಕಾಂಪ್ಲೆಕ್ಸಿನ ಹತ್ತಿರ ಅವರೆಕಾಳು ಅಂತ ಏನೋ ಒಣಗಿದ್ದು ಮಾರುತ್ತಿದ್ದ, ಸೀಸನ್ನೇ ಅಲ್ಲ, ತರಲಿಲ್ಲ. ಮಂಡಿಗೆ ಹೊಸ ಎಣ್ಣೆ ಕೊಟ್ಟಿದ್ದಾರೆ, ವಾಸನೆ ಬಿಟ್ಟರೆ ಬೇರೆ ಗುಣ ಕಾಣೆ. ಕಿವಿಯ ಡಾಕ್ಟರಿಗೆ ತೋರಿಸಿಕೊಳ್ಳುವುದನ್ನು ಮುಂದೆ ಹಾಕಬೇಡ. ದಿವ್ಯಳಿಗೂ ಮಕ್ಕಳಿಗೂ ಒಳ್ಳೆಯದಾಗಲಿ. ನೀನು ನೂರು ಕಾಲ ಮುತ್ತೈದೆಯಾಗಿ ಬಾಳು.

ನಿನ್ನ ಅಕ್ಕ,
ವಾರಿಜಾ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಹರಿದೆ. ಬರಿದೇ ಸುಮ್ಮನಿರು ಅಂದರೆ ನೀನು ಸುಮ್ಮನಿರುವವಳಲ್ಲ. ಯಾಕೆ ಅಂತ ಕೇಳುತ್ತೀಯ. ಕೇಳುವ ಹಕ್ಕು ನಿನಗಿದೆ.

ಕಂತನ್ನು ಪತ್ರಿಕೆಯವರು ಕಳೆಯಲಿಲ್ಲ. ನಾನು ಕಳಿಸಲೇ ಇಲ್ಲ. ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಮುಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೆ. ಐದಕ್ಕೆ ಪತ್ರಿಕೆ ಆಫೀಸಿಗೆ ತಲುಪಿಸಬೇಕಿತ್ತು. ವಸುಧಾಳ ತಾಯಿ ಸಾಯುವ ಭಾಗ. ಅಷ್ಟು ಚೆನ್ನಾಗಿ ನಾನು ಹಿಂದೆ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ಮಗಳ ತೊಡೆ, ತುಳಸಿ ನೀರು, ಕಿಟಕಿ, ಎಲ್ಲ ಅದರಲ್ಲಿತ್ತು. ಬರೆದು ಮುಗಿಸಿ ಒಳಗೆ ಹೋದೆ. ಅಮ್ಮ ಒಬ್ಬಳೇ ಹೋಗಿಬಿಟ್ಟಿದ್ದಳು. ಒಂದು ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಮಾರನೆಯ ದಿನ ನೀನು ಭದ್ರಾವತಿಯಿಂದ ಬಂದು ನನ್ನನ್ನು ಹಿಡಿದುಕೊಂಡು ಅಮ್ಮ ಹೇಗೆ ಹೋದಳು ಅಂತ ಕೇಳಿದಾಗ, ಬರೆದಿಟ್ಟಿದ್ದನ್ನೇ ಹೇಳಿದೆ. ಒಂದು ಪದವೂ ಬಿಡದೆ ಹೇಳಿದೆ. ನೀನು ಆ ಪತ್ರಿಕೆ ವಾರ ತಪ್ಪದೆ ಓದುತ್ತಿದ್ದವಳು, ಅಚ್ಚಾದರೆ ಗೊತ್ತಾಗುತ್ತಿತ್ತು. ಪುಟಗಳನ್ನು ಬಚ್ಚಲ ಒಲೆಗೆ ಹಾಕಿದೆ. ಇಷ್ಟು ವರ್ಷ ನೀನು ಅತ್ತಿದ್ದು ನನ್ನ ಕಾದಂಬರಿಗೆ.

ಅಪ್ಪ, ಛತ್ರಿ, ಇವೆಲ್ಲ ಆ ಮೇಷ್ಟ್ರ ಹುಚ್ಚು. ಅವನಿಗೆ ಗೊತ್ತಾಗದ್ದು ಅವನ ಪುಸ್ತಕಗಳಲ್ಲಿ ಇಲ್ಲ. ಶನಿವಾರ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು, ಆದರೆ ಇದನ್ನೂ ತಿಳಿದುಕೊಂಡು ಹೇಳು. ಅಮ್ಮ ಕರೆದದ್ದು ನನಗೆ ಕೇಳಿಸಿತ್ತು. ಮೂರು ಸಲ ಕರೆದಳು. ಎರಡು ವರ್ಷ ಅವಳನ್ನು ಎತ್ತಿ ಕೂರಿಸಿ ಉಣ್ಣಿಸಿದವಳು ನಾನು, ಮೂರು ಸಲವೂ ಅವಳು ಕರೆದದ್ದು "ಶಾಲೂ" ಅಂತ. ಯಾರನ್ನ ಕರೀತಿದಾಳೋ ಅವಳೇ ಬಂದು ನೋಡ್ಕೊಳ್ಳಲಿ ಅಂದುಕೊಂಡು, ಪುಟ ಮುಗಿಸಿಯೇ ಎದ್ದೆ.