ಒಂದು ಮೊಳದಲ್ಲಿ ಮೂರು ಹರದಾರಿ

ನವೆಂಬರ್ 9, ಬೆಳಿಗ್ಗೆ, ಗೋಡೌನ್

ಒಟ್ಟು ತಗುಲಿದ್ದು ಇಷ್ಟು. ಪ್ಲೈವುಡ್ಡು ಎರಡು ಶೀಟು. ಥರ್ಮಾಕೋಲು ಒಂದು ಹೊರೆ. ಬಣ್ಣ, ಫೆವಿಕಾಲು, ಒಡೆದ ಗಾಜು ಒಂದು. ಕೊರಿಯರ್‌ನಲ್ಲಿ ಬಂದ ರೈಲಿನ ಸೆಟ್ಟು — ಅಷ್ಟು ರೊಕ್ಕಕ್ಕೆ ಒಂದು ಮದುವೆಯ ಶಾಮಿಯಾನ ಹಾಕಿ ಬರಬಹುದಿತ್ತು. ನನ್ನ ಆಳು ಪಾಲಣ್ಣನ ಪಗಾರ, ಅವನು ಕುಡಿದ ಚಹಾ ಬೇರೆ. ನನ್ನ ಕಣ್ಣಿನ ಶ್ರಮ ಬಿಲ್ಲಿಗೆ ಹಾಕಿಲ್ಲ. ಹಾಕಿದರೂ ಹರಪನಹಳ್ಳಿಯ ಗಿರಾಕಿ ಕೊಡುವವಳಲ್ಲ.

ಗಿರಾಕಿ ವಾಣಿಶ್ರೀ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಹೊಸ ಹೋಟೆಲು. ಊಟಕ್ಕೆ ಬಂದವರ ಮಕ್ಕಳು ಗದ್ದಲ ಮಾಡದೆ ಕೂರಬೇಕು, ಅದಕ್ಕೆ ಗಾಜಿನ ಪೆಟ್ಟಿಗೆಯಲ್ಲಿ ಓಡುವ ರೈಲು ಬೇಕು ಅಂದಳು. ರೈಲನ್ನು ಯಾರು ಬೇಕಾದರೂ ಓಡಿಸಿಯಾರು, ಗುಂಡಿ ಒತ್ತಿದರೆ ಓಡುತ್ತದೆ. ಅದರ ಹಿಂದಿನ ಹೊಲ, ಊರು, ಗುಡ್ಡ, ಆಕಾಶ — ಅದಕ್ಕೆ ಬೆನಕಪ್ಪನೇ ಆಗಬೇಕು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಫೋಟೋ ಸ್ಟುಡಿಯೋಗಳಿಗೆಲ್ಲ ಪರದೆ ಬರೆದವನು ನಾನು. ಈ ಸೀಮೆಯ ಅರ್ಧ ಜನ ತಾಜಮಹಲು ನೋಡಿದ್ದು ನನ್ನ ಬಟ್ಟೆಯ ಮೇಲೆ. ಫ್ಲೆಕ್ಸು ಬಂತು. ಕುಂಚ ಮೂಲೆಗಿಟ್ಟೆ, ಶಾಮಿಯಾನಕ್ಕೆ ಇಳಿದೆ, ಕೈಯೂರಿ ನಿಂತೆ. ಕೈ ಮಾತ್ರ ಕಲಿತದ್ದನ್ನು ಮರೆತಿಲ್ಲ.

ಹಳಿಯ ಹಿಂದೆ ಉಳಿದ ಜಾಗ ಒಂದು ಮೊಳ. ಅಷ್ಟರಲ್ಲಿ ಮೂರು ಹರದಾರಿ ತೋರಿಸಬೇಕು. ದಾರಿಯ ಎರಡೂ ಬದಿಗೆ ಕಂಬ. ಮುಂದಿನದು ಗೇಣುದ್ದ, ಅದರ ಹಿಂದಿನದು ಬೆರಳುದ್ದ, ಕೊನೆಯದು ಬೆಂಕಿಕಡ್ಡಿ. ದಾರಿ ಮುಂದೆ ಅಂಗೈ ಅಗಲ, ಹಿಂದೆ ನೂಲಿನೆಳೆ. ಮನೆಗಳು ಹಿಂದೆ ಹೋದಂತೆ ಕುಗ್ಗಬೇಕು, ಬಣ್ಣ ಸೋಲಬೇಕು. ಕಟ್ಟಕಡೆಗೆ ಹಲಗೆಯ ಮೇಲೆ ಉಚ್ಚಂಗಿದುರ್ಗದ ಗುಡ್ಡ, ತಿಳಿನೀಲಿ, ಒಲೆಯ ಹೊಗೆಯಂತೆ.

ಪಾಲಣ್ಣ ಪ್ಲಾಸ್ಟಿಕ್ ಕುರಿಯೊಂದನ್ನು ತಂದು ಆ ಗುಡ್ಡದ ಬುಡಕ್ಕೆ ನಿಲ್ಲಿಸಿದ. ಕುರಿ ಗುಡ್ಡದ ಮೇಲೆ ಬರೆದ ಉಚ್ಚಂಗೆಮ್ಮನ ಗುಡಿಗಿಂತ ದೊಡ್ಡದು.

"ದೂರ ಇದ್ದದ್ದು ಸಣ್ಣದು ಇರಬೇಕಲೇ," ಅಂದೆ.

"ನಮ್ಮ ಕುರಿ ಎಲ್ಲಿದ್ರೂ ಅಷ್ಟ ಇರ್ತಾವ್ರಿ ಸಾವ್ಕಾರ್ರ. ರೇಟೂ ಅಷ್ಟ."

ನವೆಂಬರ್ 12

ಹೊಸಹಳ್ಳಿಯಲ್ಲಿ ಶಾಮಿಯಾನ ಬಿಚ್ಚಿಕೊಂಡು ಬೆಳಿಗ್ಗೆಯೇ ಹೊರಟಿದ್ದೆವು. ಗಾಡಿ ನಾನೇ ಓಡಿಸುವುದು. ಪಾಲಣ್ಣನಿಗೆ ಲೈಸೆನ್ಸ್ ಇದೆ, ಸ್ಟೇರಿಂಗ್ ಇನ್ನೂ ಕೊಟ್ಟಿಲ್ಲ. ಎಡಗಡೆ ಟಕ್ ಅಂತು. ಕುರಿಯ ಹಿಂಡಂತೆ. ಹೆಣ್ಣುಕುರಿಯೊಂದಕ್ಕೆ ಬಂಪರಿನ ಅಂಚು ತಾಗಿ ಮುಂಗಾಲು ಮಡಚಿ ಬಿತ್ತು, ಎದ್ದು ಕುಂಟಿತು. ಕಾಯುವವನು ಕೋಲು ಎತ್ತಿಕೊಂಡೇ ಬಂದ.

"ಕಣ್ಣು ಸಂತ್ಯಾಗ ಮಾರಿ ಬಂದೀಯೇನೋ? ಮಗ ಅದರ ಹಿಂದ ಇದ್ನೋ, ನನ್ನ ಮಗ!"

ಸಣ್ಣ ಹುಡುಗ. ಕಂಬಳಿ ಹೊದ್ದು ನಿಂತಿದ್ದ. ಕುರಿಗೆ ಅವನ ಅಪ್ಪ ಕೇಳಿದ್ದಷ್ಟನ್ನೂ ಚೌಕಾಸಿ ಇಲ್ಲದೆ ಕೊಟ್ಟೆ. ಜೀವಮಾನದಲ್ಲಿ ಮೊದಲ ಸಲ.

"ಬಿಸಿಲು ಕಣ್ಣಿಗೆ ಹೊಡೀತು," ಅಂದೆ ಗಾಡಿ ಹತ್ತಿ.

ಪಾಲಣ್ಣ ಹೊರಳಿ ಹಿಂದೆ ನೋಡಿದ. "ಬಿಸಿಲು ನಮ್ಮ ಬೆನ್ನಿಗೈತ್ರಿ."

ನವೆಂಬರ್ 16

ವಾಣಿಶ್ರೀ ನೋಡಲು ಬಂದಳು. ಲೈಟು ಹಾಕಿ ರೈಲು ಬಿಟ್ಟೆ. ಕೈ ಕಟ್ಟಿ ನಿಂತೆ, ಹೊಗಳಿಕೆಗೆ ಜಾಗ ಬಿಟ್ಟು.

"ಬೆನಕಪ್ಪಣ್ಣ, ಬೇಜಾರ್ ಮಾಡ್ಕಬ್ಯಾಡ್ರಿ. ರೈಲು ಚೆನ್ನಾಗೈತಿ. ಹಿಂದಿಂದು ಗ್ವಾಡಿಗೆ ಕ್ಯಾಲೆಂಡರ್ ಹಚ್ಚಿದಂಗೆ ಕಾಣ್ತತಿ."

"ತಂಗೀ, ಸರಿಯಾಗಿ ನೋಡು. ಮೂರು ಹರದಾರಿ ಐತಿ ಅಲ್ಲಿ."

"ಮೂರು ಗೇಣು ಅನ್ರಿ."

ರೇಟು ಇಳಿಸುವ ಆಟ ಅಂದುಕೊಂಡೆ. ಫೋನಿನಲ್ಲಿ ಫೋಟೋ ತೆಗೆದು ಮುಖಕ್ಕೆ ಹಿಡಿದೆ. ನೋಡಿದವಳೇ ಕಣ್ಣರಳಿಸಿದಳು. "ಅಯ್ಯ! ಇದು ಹೊಲದಾಗೆ ನಿಂತು ತೆಗ್ದಂಗೈತಲ್ಲ!" ಮತ್ತೆ ಪೆಟ್ಟಿಗೆ ನೋಡಿದಳು. ಮತ್ತೆ ಫೋನು. "ಫೋಟೋದಾಗೆ ಐತಿ, ಇಲ್ಲಿಲ್ಲ. ನಂಗೆ ಊಟಕ್ಕೆ ಬರೋದು ಫೋನಲ್ಲ ಅಣ್ಣ, ಮನುಷ್ಯರು."

ಪಾಲಣ್ಣನ ಮುಖ ನೋಡಿದೆ. ಅವನು ಕಾಲ ಬೆರಳಿನಿಂದ ನೆಲ ಕೆರೆಯುತ್ತಿದ್ದ. "ಹೌದ್ರಿ, ಸ್ವಲ್ಪ ಚಪ್ಪಟಿ ಐತಿ," ಅಂದ.

ನನಗೆ ಮಾತ್ರ ಕೈ ಇಟ್ಟರೆ ಒಳಗೆ ಹೋದೀತು ಅನ್ನುವಷ್ಟು ಆಳ ಕಾಣುತ್ತಿದೆ. ಇಬ್ಬರೂ ಸೇರಿ ಸುಳ್ಳು ಹೇಳಲು ಕಾರಣವಿಲ್ಲ. ಕಾರಣ ಹುಡುಕಿದೆ, ಸಿಗಲಿಲ್ಲ.

ನವೆಂಬರ್ 23

ಇವತ್ತಿನದು ಬರೆಯಲೇಬೇಕು.

ಗುಡ್ಡ ಅಳಿಸಿ ಮತ್ತೆ ಬರೆದಿದ್ದೆ, ಇನ್ನೂ ತೆಳುವಾಗಿ. ವಾಣಿಶ್ರೀ ಸ್ಕೂಟಿಯಲ್ಲಿ ಬಂದಳು. ದಾರಿಯ ದೂಳು ಕಣ್ಣಿಗೆ ಬಿದ್ದು ಸೆರಗಿನ ತುದಿ ಒತ್ತಿಕೊಂಡೇ ಒಳಗೆ ಬಂದಳು. ಇನ್ನೊಂದು ಕಣ್ಣಿನಿಂದ ಪೆಟ್ಟಿಗೆ ನೋಡಿದಳು.

"ತಡೀರಿ ತಡೀರಿ… ಗುಡ್ಡ ದೂರ ಹೋತು!"

ಸೆರಗು ತೆಗೆದಳು. "ಬಂತು." ಮತ್ತೆ ಒತ್ತಿದಳು. "ಹೋತು! ಪಾಲಣ್ಣ, ಒಂದು ಕಣ್ಣು ಮುಚ್ಕಂಡು ನೋಡ್ರಿ!"

ಪಾಲಣ್ಣ ಒಂದು ಕಣ್ಣು ಮುಚ್ಚಿದ, ಬಾಯಿ ತೆರೆದ. "ಅಬಾಬಾ! ದಾರಿ ಹಿಡಿದು ಹೊಂಟ್ರ ದುರ್ಗ ಮುಟ್ಟೋದು ಸಂಜಿ ಆಗ್ತೈತಿ!" ಇಬ್ಬರೂ ಮಕ್ಕಳ ಹಾಗೆ ಕಣ್ಣು ಮುಚ್ಚುವುದು, ತೆರೆಯುವುದು, ನಗುವುದು.

ಆಗ ನೆನಪಾಯಿತು. ಮರೆಯುವಂಥದ್ದಲ್ಲ ಅದು. ನನ್ನ ಪರದೆಗಳೆಲ್ಲ ಕ್ಯಾಮೆರಾಕ್ಕೆ ಬರೆದವು. ಕ್ಯಾಮೆರಾಕ್ಕೆ ಒಂದೇ ಕಣ್ಣು. ಎರಡು ಕಣ್ಣು ಸೇರಿದರೆ ಮೋಸ ಹಿಡಿಯುತ್ತವೆ, ಒಂದೇ ಆದರೆ ನಂಬುತ್ತದೆ. ಹಾಗಾದರೆ ಎರಡೂ ಕಣ್ಣು ಬಿಟ್ಟುಕೊಂಡು ನಿಂತ ನನಗೆ ಯಾಕೆ…

ನಗುತ್ತಲೇ ನಾನೂ ಮುಚ್ಚಿದೆ. ಎಡಗಣ್ಣು ಮುಚ್ಚಿದರೆ ಏನೂ ಬದಲಾಗಲಿಲ್ಲ. ಗುಡ್ಡ ಅಲ್ಲೇ, ದೂರ ಅಷ್ಟೇ. ಬಲಗಣ್ಣು ಮುಚ್ಚಿದೆ.

ರೈಲಿಲ್ಲ. ಗುಡ್ಡವಿಲ್ಲ. ವಾಣಿಶ್ರೀ ಇಲ್ಲ. ನಗು ಮಾತ್ರ ಕೇಳುತ್ತಿತ್ತು. ಕಿವಿಯ ಕಡೆಯ ಅಂಚಿನಲ್ಲಿ ಬಾಗಿಲ ಬೆಳಕು, ಬೂದಿಯ ಬಣ್ಣ.

ಕಣ್ಣು ತೆರೆದೆ. ಬಾಯಿಯೂ ತಾನಾಗಿ ತೆರೆಯಿತು. ಮಾತು ನನ್ನನ್ನು ಯಾವತ್ತೂ ಕೈಬಿಟ್ಟಿಲ್ಲ. "ಅದೇ ಗುಟ್ಟು ತಂಗೀ! ಗಾಜಿಗೆ ಕಪ್ಪು ಹಲಗೆ ಹೊಡೀತೀನಿ, ನಡುವೆ ಒಂದು ತೂತು. ಒಬ್ಬೊಬ್ಬರೇ ಬಗ್ಗಿ ನೋಡಬೇಕು. ಮಕ್ಕಳು ಪಾಳಿ ಹಚ್ಚಿ ನಿಲ್ತಾವು ನೋಡು." ಅವಳು ಚಪ್ಪಾಳೆ ತಟ್ಟಿದಳು. ನಾನು ತೂತಿನ ಅಳತೆ ಹಾಕಲು ತಿರುಗಿದೆ.

ನವೆಂಬರ್ 24

ಬಲಗಣ್ಣು ಮುಚ್ಚಿ ಗೋಡೌನಿನ ಬಾಗಿಲ ತನಕ ನಡೆದೆ. ಕುರ್ಚಿಗಳ ಗುಡ್ಡೆಗೆ ಮೊಣಕಾಲು ಬಡಿಯಿತು.

ಬಲಗಣ್ಣು ಸರಿ ಇದೆ. ಬಲಗಣ್ಣು ಸರಿ ಇದೆ. ಎರಡು ಸಲ ಬರೆದೆ, ಗಟ್ಟಿಯಾಗಲಿ ಅಂತ.

ಯಾರಿಗೂ ಹೇಳುವುದಿಲ್ಲ. ಮದುವೆಯ ಸೀಜನ್ನು. ಒಕ್ಕಣ್ಣಿನವನು ಮಂಟಪ ಕಟ್ಟುತ್ತಾನೆ ಅಂದರೆ ವಾರೆಯಾಗಿದೆ ಅನ್ನಲು ಜನ ಅಳತೆಪಟ್ಟಿ ಹಿಡಿದೇ ಬರುತ್ತಾರೆ.

ಡಿಸೆಂಬರ್ 8

ಇಷ್ಟು ದಿನ ಬರೆದಿಲ್ಲ. ಕೆಲಸ ಹೆಚ್ಚಿತ್ತು ಅಂತ ಬರೆಯಬಹುದು. ಓದುವವರು ಯಾರೂ ಇಲ್ಲವಾದರೂ ಸುಳ್ಳು ಯಾಕೆ. ಬರೆದರೆ ನಿಜವಾಗುತ್ತದೆ ಅನ್ನುವ ಭಯ.

ಗಾಡಿ ಓಡಿಸುವುದು ಬಿಟ್ಟಿಲ್ಲ. ರಸ್ತೆಯ ನಡುವೆ ಹಿಡಿದು ಹೋಗುತ್ತೇನೆ, ಹಾರ್ನಿನ ಮೇಲೆ ಕೈ. ಎಡಗಡೆಯಿಂದ ಜನ ಗಾಳಿಯಲ್ಲಿ ಹುಟ್ಟುತ್ತಾರೆ. ಮೊನ್ನೆ ಒಂದು ಸೈಕಲ್ಲು ಹುಟ್ಟಿತು. ನಿನ್ನೆ ಕೊಡ ಹೊತ್ತ ಹೆಂಗಸು. ಆ ಕಂಬಳಿಯ ಹುಡುಗ ದಿನಾ ಹುಟ್ಟುತ್ತಾನೆ, ಗಾಡಿ ನಿಂತಿದ್ದಾಗಲೂ.

ಇವತ್ತು ಹರಪನಹಳ್ಳಿಗೆ ಹೋಗಿದ್ದೆ. ತೂತಿನ ಪೆಟ್ಟಿಗೆ ಭರ್ತಿ ನಡೆಯುತ್ತಿದೆ. ಮಕ್ಕಳಿಗಿಂತ ಅಪ್ಪಂದಿರೇ ಹೆಚ್ಚು ಬಗ್ಗುತ್ತಾರೆ. ನಾನೂ ಬಗ್ಗಿದೆ, ಬಲಗಣ್ಣಿಟ್ಟೆ. ಗುಡ್ಡ ಚೆನ್ನಾಗಿತ್ತು. ದಾರಿ ಇತ್ತು. ಮುಂದಿನ ಎರಡು ಕಂಬ ಇರಲಿಲ್ಲ. ಎಡದ್ದೂ ಇಲ್ಲ, ಬಲದ್ದೂ ಇಲ್ಲ.

ಸಿಟ್ಟು ಬಂತು. "ಏನವ್ವಾ, ಹುಡುಗರನ್ನ ಒಳಗ ಬಿಟ್ಟಿದ್ದೆಯೇನು? ಕಂಬ ಕಿತ್ತಾರ!"

ವಾಣಿಶ್ರೀ ಬೀಗ ತೆಗೆದಳು. ಕಂಬ ಎರಡೂ ನಾನು ಹುಗಿದಲ್ಲೇ ನಿಂತಿದ್ದವು.

"ಇಲ್ಲೇ ಅದಾವಲ್ಲಣ್ಣ?"

ಮತ್ತೆ ಬಗ್ಗಿದೆ. ಗುಡ್ಡ ನೋಡಿದರೆ ಕಂಬ ಇಲ್ಲ. ಕಂಬವನ್ನೇ ಹುಡುಕಿ ಕಣ್ಣು ತಿರುಗಿಸಿದರೆ ಇದೆ. ಬಿಟ್ಟರೆ ಇಲ್ಲ. ಬಲಗಣ್ಣು ಸರಿ ಇದೆ ಅಂತ ಎರಡು ಸಲ ಬರೆದಿದ್ದೆನಲ್ಲ. ಆ ಬಲಗಣ್ಣಿಗೂ ಅಂಚು ಸವೆಯುತ್ತಿದೆ.

"ಟೀ ಕುಡಿತೀರೇನಣ್ಣ? ಮುಖ ಸುಣ್ಣ ಆಗೈತಿ."

ಬೇಡ ಅಂದೆ. ನಮ್ಮೂರು ಕೊಟ್ಟೂರು ಮುಟ್ಟುವ ತನಕ ಪಾಲಣ್ಣ ಎಡಗಡೆಯ ಸೀಟಿನಲ್ಲಿ ಕೂತು ತನ್ನಷ್ಟಕ್ಕೆ ಒದರುತ್ತಿದ್ದ. "ಸೈಕಲ್ಲು. ನಾಯಿ. ಮಕ್ಕಳು ಅದಾವು, ಸಾವಕಾಶ." ಹೀಗೆ ಹೇಳು ಅಂತ ನಾನು ಕೇಳಿರಲಿಲ್ಲ. ಅವನೂ ಏನೂ ಕೇಳಲಿಲ್ಲ.

ಡಿಸೆಂಬರ್ 9

ಬೆಳಿಗ್ಗೆ ಗಾಡಿಯ ಚಾವಿ ಮೊಳೆಯ ಮೇಲಿರಲಿಲ್ಲ.

"ಪಾಲಣ್ಣಗ ಕೊಟ್ಟೀನಿ," ಅಂದಳು ಅನ್ನದಾನಮ್ಮ, ರೊಟ್ಟಿ ಬಡಿಯುತ್ತಲೇ. ನನ್ನ ಹೆಂಡತಿ ದನಿ ಏರಿಸುವವಳಲ್ಲ. ರೊಟ್ಟಿಯ ಸಪ್ಪಳ ಮಾತ್ರ ಜೋರಾಗಿತ್ತು.

"ಯಾರನ್ನ ಕೇಳಿ ಕೊಟ್ಟಿ?"

"ನಿಮ್ಮ ಎಡಕ್ಕ ಏನೈತಿ ಹೇಳ್ರಿ, ಕತ್ತು ಹೊಳ್ಳಿಸಬ್ಯಾಡ್ರಿ."

ಅವಳು ಎದ್ದು ಬಂದು ನನ್ನ ಎಡಗೈ ಪಕ್ಕದಿಂದ ಹಾಲಿನ ಪಾತ್ರೆ ಎತ್ತಿದಳು. ಬಿಸಿ ಹಾಲು, ಅಂಚಿನ ತನಕ ಇತ್ತು.

"ವರ್ಷದ ಮ್ಯಾಲಾತು. ಕೋಳಿ ಕಾಳು ನೋಡಿದಂಗ ನೋಡ್ತೀರಿ. ಎಡಕ್ಕ ಹಾಕಿದ ಪಲ್ಯ ಹಂಗ ಉಳೀತಿತ್ತು. ಬಲಕ್ಕ ಹಾಕಾಕ ಹತ್ತಿದೆ, ಉಂಡ್ರಿ."

"ಹೇಳಬಾರದಾಗಿತ್ತೇನು?"

"ಹೇಳಿದ್ದೆ. ಕಣ್ಣು ತೋರಿಸ್ರಿ ಅಂದೆ. ಕನ್ನಡಕದ ಅಂಗಡಿಯವ ನಿನ್ನ ತಮ್ಮನೇನು ಅಂದ್ರಿ."

ಅಂದಿದ್ದೆ. ಹೇಳಿದ ಮೇಲೆ ಪಕ್ಕದವರೂ ನಕ್ಕಿದ್ದರು.

"ಅಂಜಿಕಿ ಆಗ್ತೈತೇ ಅನ್ನದಾನೀ," ಅಂದೆ. ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತು ಅವಳಿಗೆ ಮೊದಲ ಸಲ ಕೇಳಿಸಿದೆ. ಅವಳು ಹಿಟ್ಟಿನ ಕೈಯಿಂದಲೇ ನನ್ನ ತೋಳು ಹಿಡಿದಳು. "ನನಗೂ ಆಗ್ತೈತ್ರಿ. ನಡ್ರಿ."

ಡಿಸೆಂಬರ್ 14, ದಾವಣಗೆರೆ

ಕಣ್ಣಿನ ಆಸ್ಪತ್ರೆ. ಒಂದು ಬಿಳಿ ಬೋಗುಣಿಯೊಳಗೆ ಗದ್ದ ಇಡಿಸಿದರು. ಮೊದಲು ಎಡಗಣ್ಣಿಗೆ ಪಟ್ಟಿ. ಕೈಗೆ ಒಂದು ಗುಂಡಿ. ನಡುವಿನ ಚುಕ್ಕೆಯನ್ನೇ ನೋಡಬೇಕು, ಎಲ್ಲಿ ಬೆಳಕು ಮಿನುಗಿದರೂ ಒತ್ತಬೇಕು.

ಮೊದಲು ಒತ್ತಿದೆ, ಕಂಡಿತ್ತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಎಲ್ಲೋ ಬಂದಿರಬೇಕು, ನನಗೆ ಕಂಡಿಲ್ಲ ಅನ್ನುವ ಹೆದರಿಕೆ. ಅಂದಾಜಿನ ಮೇಲೆ ಒತ್ತಿದೆ. ಮತ್ತೆ ಒತ್ತಿದೆ. ವ್ಯಾಪಾರದವನ ಕೈ, ಖಾಲಿ ಕೂರಲು ಬಾರದು. ಹರಾಜಿನಲ್ಲಿ ಕೂಗಿದ ಹಾಗೆ ಒತ್ತಿಕೊಂಡು ಹೋದೆ. ಪಾಸಾದೆ ಅಂದುಕೊಂಡೆ.

ಯಂತ್ರದ ಹತ್ತಿರ ಕೂತಿದ್ದ ಹುಡುಗಿ ಕಾಗದ ನೋಡಿ ನಕ್ಕಳು. "ಯಜಮಾನ್ರೇ, ಬೆಳಕು ಬಿಡದೇ ಇದ್ದಾಗಲೂ ಒತ್ತೀರಲ್ಲ. ಮಷೀನಿಗೆ ಗೊತ್ತಾಗ್ತತಿ. ಇದು ಪರೀಕ್ಷೆ ಅಲ್ರಿ, ಕಾಣೋದು ಕಾಣ್ತತಿ ಅನ್ರಿ, ಇಲ್ಲ ಅಂದ್ರೆ ಸುಮ್ನಿರ್ರಿ. ಸುಳ್ಳು ಒತ್ತಿದ್ರೆ ಡಾಕ್ಟ್ರು ಸುಳ್ಳಿಗೇ ಔಷಧಿ ಕೊಡ್ತಾರೆ."

ಎರಡನೇ ಸಲ ಕೂತೆ. ಯಂತ್ರ ಗುಂಯ್‌ಗುಡುತ್ತಿತ್ತು. ಕಂಡದ್ದಕ್ಕೆ ಒತ್ತಿದೆ. ಕಾಣದಾಗ ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಹೆಚ್ಚು. ಬೋಗುಣಿಯೊಳಗೆ ಎಲ್ಲೋ ಬೆಳಕುಗಳು ಹತ್ತುತ್ತಿವೆ, ಆರುತ್ತಿವೆ, ನನ್ನದಲ್ಲದ ಊರಿನ ದೀಪಗಳ ಹಾಗೆ — ನಾನು ಬೆರಳು ಎತ್ತದೆ ಕೂತಿದ್ದೇನೆ. ಬೆನ್ನೆಲ್ಲ ಬೆವರು. ಇದಕ್ಕಿಂತ ಕಷ್ಟದ ಕೆಲಸ ಮಾಡಿದ ನೆನಪಿಲ್ಲ.

ಡಾಕ್ಟರು ಸಣ್ಣ ದನಿಯವರು. ಕಣ್ಣೊಳಗೆ ಒತ್ತಡ ಏರಿ ನರ ಒಣಗಿದೆ, ಗ್ಲಾಕೋಮಾ ಅಂದರು. ಎಡಗಣ್ಣು ಹೋದದ್ದು ಹೋಯಿತು. ಬಲಗಣ್ಣಿನ ಅಂಚು ಹೋಗಿದೆ, ನಡು ಉಳಿದಿದೆ. ಹನಿ ಹಾಕಬೇಕು, ದಿನಾ, ಬದುಕಿರುವ ತನಕ. ಒತ್ತಡ ಇಳಿಯದಿದ್ದರೆ ಆಪರೇಷನ್ನು.

"ಹೋದದ್ದು ವಾಪಸ್ ಬರಲ್ವಾ ಸಾರ್?"

"ಬರಲ್ಲ. ಇರೋದನ್ನ ಕಾಯೋಣ."

"ಕಾದ್ರೆ ಉಳೀತದಾ?"

"ಬಹಳ ಜನರಿಗೆ ಉಳಿದಿದೆ," ಅಂದರು. ನಿಮಗೂ ಉಳಿಯುತ್ತದೆ ಅನ್ನಲಿಲ್ಲ. ಗಮನಿಸಿದೆ.

ಜನವರಿ 5, ಸಂಜೆ

ನಿನ್ನೆ ಮತ್ತೆ ದಾವಣಗೆರೆ. ಒತ್ತಡ ಇಳಿದಿದೆಯಂತೆ. ಸಾಲುವಷ್ಟು ಇಳಿದಿದೆಯೋ ಅಂತ ಕೇಳಿದೆ. ಮೂರು ತಿಂಗಳು ಬಿಟ್ಟು ಬೋಗುಣಿಯೇ ಹೇಳುತ್ತದೆ ಅಂದರು. ಮೂರು ತಿಂಗಳು ದಿನಾ ಬೆಳಿಗ್ಗೆ ಎದ್ದು ಕಿಟಕಿಯ ಚೌಕಟ್ಟು ನಾಲ್ಕೂ ಕಡೆ ಇದೆಯೇ ಅಂತ ನೋಡಬೇಕು. ಇವತ್ತು ಇತ್ತು. ಇತ್ತು ಅನ್ನಿಸಿತು.

ಬರುತ್ತಾ ಹರಪನಹಳ್ಳಿಯಲ್ಲಿ ಊಟ. ವಾಣಿಶ್ರೀ ಊಟದ ರೊಕ್ಕ ಮುಟ್ಟಲಿಲ್ಲ. ಪಾಳಿಯಲ್ಲಿ ಒಬ್ಬ ಹುಡುಗ ತೂತಿಗೆ ಕಣ್ಣಿಟ್ಟು "ಎಷ್ಟ್ ದೂರ ಐತಪ್ಪೋ!" ಅಂದ. ನಾನು ಬಗ್ಗಲಿಲ್ಲ. ನನ್ನ ತೂತು ನನ್ನ ಜೊತೆಗೇ ಬರುತ್ತದೆ.

ಯಾರಿಗೆ ಏನು ಸಿಕ್ಕಿತು:

ವಾಣಿಶ್ರೀ — ತುಂಬಿದ ಮೇಜುಗಳು. ಭಾನುವಾರ ಜಾಗ ಇಲ್ಲ.

ಪಾಲಣ್ಣ — ಗಾಡಿಯ ಸ್ಟೇರಿಂಗು. ಕನ್ನಡಿ ಒರೆಸಿ ಒರೆಸಿ ಇಡುತ್ತಾನೆ. ಗುಡ್ಡದ ಬುಡದಲ್ಲಿ ಅವನ ಕುರಿಯೂ ಉಳಿದಿದೆ, ತೆಗೆಯಲು ಬಿಡಲಿಲ್ಲ.

ಹೊಸಹಳ್ಳಿಯ ಕುರಿಗಾರ — ಒಂದು ಕುರಿಯ ರೊಕ್ಕ. ಕುರಿಯೂ ಅವನದೇ. ಮಗನೂ.

ನಾನು — ಬಲಗಣ್ಣು, ನಡುವಿನದು. ಹನಿಯ ಬಾಡಿಗೆಗೆ.

ಅನ್ನದಾನಮ್ಮ — ಏನೂ ಇಲ್ಲ. ಕೆಲಸ ಒಂದು ಹೆಚ್ಚು. ಈಗ ಹನಿಯ ಸೀಸೆ ಹಿಡಿದು ಬಂದು ನಿಂತಿದ್ದಾಳೆ, ಬಲಗಡೆ. ಬರೆದದ್ದು ಸಾಕಂತೆ, ತಲೆ ಮೇಲೆತ್ತಬೇಕಂತೆ —