ಎರಡನೆಯ ಮಹಡಿಯ ಮಜ್ಜಿಗೆ

ಡರ್ಹಮ್, ನಾರ್ತ್ ಕ್ಯಾರೊಲಿನಾ
ರವಿವಾರ, ೨೨ ಆಗಸ್ಟ್ ೧೯೯೩

ಪ್ರೀತಿಯ ಅವ್ವನಿಗೆ ನಿನ್ನ ನಮ್ರತಾಳ ಶರಣು ಶರಣಾರ್ಥಿ.

ನಾನೂ ನಿನ್ನ ಅಳಿಯ ಕಲ್ಮೇಶ್ ಅವರೂ ಆರಾಮಾಗಿದ್ದೇವೆ. ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ನಡುವೆ ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ. ಗುರುಶಾಂತಪ್ಪ ಕಾಕಾನ ಕಡೆ ಓದಿಸಬೇಡ. ನೀನೇ ಚಾಳೀಸು ಹಾಕಿಕೊಂಡು ಸಾವಕಾಶ ಓದು. ಓದಿದ ಮೇಲೆ ಯಾರಿಗೆ ಬೇಕಾದರೂ ಹೇಳು.

ಅವ್ವ, ನಾನು ದೊಡ್ಡ ದವಾಖಾನೆಯಲ್ಲಿ ಆಹಾರದ ಅಧಿಕಾರಿ ಅಂತ ನೀನು ತಿಳಿದಿದ್ದೀ. ಹಾಗೆ ತಿಳಿಯುವಂತೆ ಬರೆದವಳು ನಾನೇ. ಧಾರವಾಡದಲ್ಲಿ ಓದಿದ ನನ್ನ ಹೋಮ್ ಸೈನ್ಸ್ ಡಿಗ್ರಿ ಇಲ್ಲಿ ನಡೆಯಲಿಲ್ಲ. ಕಳೆದ ನವೆಂಬರಿನಿಂದ ನಾನು ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಇದ್ದೇನೆ. ಬೆಳಿಗ್ಗೆ ಆರಕ್ಕೆ ಹೋಗಿ ತೊಂಬತ್ತು ಜನರ ಟ್ರೇ ಜೋಡಿಸುತ್ತೇನೆ, ಅವರು ಉಂಡ ಮೇಲೆ ತಂದು ತೊಳೆಯುವ ಮಷೀನಿಗೆ ಹಾಕುತ್ತೇನೆ. ಅಲ್ಲಿ ಕೋಳಿ, ಹಂದಿ ಎಲ್ಲ ಬೇಯುತ್ತದೆ. ನಾನು ಬೇಯಿಸುವುದಿಲ್ಲ, ಆದರೆ ಆ ತಟ್ಟೆಗಳನ್ನು ಮುಟ್ಟುತ್ತೇನೆ. ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡೇ ಪೂಜೆಗೆ ಕೂಡುತ್ತೇನೆ. ಇಲ್ಲಿಯ ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ ಕಲ್ಮೇಶ್ ಅವರು 'ಹೆಲ್ತ್‌ಕೇರ್‌ನಲ್ಲಿ ಇದ್ದಾಳೆ' ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದೆ.

ಇಲ್ಲಿಗೇ ಓದುವುದು ನಿಲ್ಲಿಸಬೇಡ. ಮುಂದಿನದನ್ನು ಹೇಳಲಿಕ್ಕೆಂದೇ ಇಷ್ಟೆಲ್ಲ ಬರೆದೆ.

ಈ ಜುಲೈದಲ್ಲಿ ಇಲ್ಲಿ ಬಿಸಿಲು ವಿಪರೀತವಾಯಿತು. ಬಾಗಲಕೋಟೆಯ ಬಿಸಿಲು ಕಂಡವಳಿಗೆ ಇದೇನು ಅನ್ನಬೇಡ. ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ಮುಗಿಯಿತು. ಇಲ್ಲಿ ನೆರಳೂ ಬೇಯುತ್ತದೆ, ಬೆವರು ಆರುವುದೇ ಇಲ್ಲ. ಅಂಥದ್ದರಲ್ಲಿ ನಮ್ಮ ಎರಡನೆಯ ಮಹಡಿಯ ಏಸಿ ಕೆಟ್ಟು ನಾಲ್ಕು ದಿನ ರಿಪೇರಿಯಾಗಲಿಲ್ಲ. ಇಬ್ಬರು ಮುದುಕರನ್ನು ಆಂಬುಲೆನ್ಸಿನಲ್ಲಿ ಒಯ್ದರು. ಮೈಯಲ್ಲಿ ನೀರೇ ಇಲ್ಲ ಅಂದರಂತೆ ಡಾಕ್ಟರು.

ನಮ್ಮ ಮೇಲಧಿಕಾರಿ ಮಿಸೆಸ್ ಡಾಲ್ಟನ್, ಯಾರು ಏನು ಉಣ್ಣಬೇಕು ಎಂದು ಗೊತ್ತುಮಾಡುವ ಡಯಟೀಶಿಯನ್. ಅವತ್ತೇ ಪ್ರತಿ ಕೋಣೆಗೂ ಒಂದು ಜಗ್ ನೀರು ಇಡಿಸಿದರು, ಬಾಗಿಲಿಗೆ ಚಾರ್ಟ್ ಅಂಟಿಸಿದರು. ಆದರೆ ವಯಸ್ಸಾದವರಿಗೆ ನೀರಡಿಕೆ ಗೊತ್ತಾಗುವುದಿಲ್ಲ. ಬರೀ ನೀರು ಅವರ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಗುಟುಕು ಕುಡಿದು ಪಕ್ಕಕ್ಕೆ ಇಡುತ್ತಾರೆ. ಮಧ್ಯಾಹ್ನ ಆ ಜಗ್ಗುಗಳನ್ನು ಸಿಂಕಿಗೆ ಸುರಿಯುವವಳು ನಾನು. ಯಾರು ಎಷ್ಟು ಕುಡಿದರೆಂಬುದು ಚಾರ್ಟಿಗಿಂತ ನನ್ನ ಕೈಗೆ ಚೆನ್ನಾಗಿ ಗೊತ್ತಿತ್ತು.

ಆ ಮಹಡಿಯಲ್ಲಿ ಮಿಸ್ ಅರ್ನೆಸ್ಟೀನ್ ಅಂತ ಒಬ್ಬರಿದ್ದಾರೆ. ಎಂಬತ್ತಾರು ವರ್ಷದ ಕರಿಯ ಹೆಣ್ಣುಮಗಳು, ನಲವತ್ತೊಂದು ವರ್ಷ ಶಾಲೆಯಲ್ಲಿ ಕಲಿಸಿದವರು. ನಾವು ಹೆಸರಿನ ಕೊನೆಗೆ ಅಕ್ಕ, ಅವ್ವ ಅಂತ ಹಚ್ಚುವ ಹಾಗೆ ಇಲ್ಲಿಯವರು ಮೊದಲಿಗೆ ಮಿಸ್ ಅಂತ ಹಚ್ಚುತ್ತಾರೆ. ಉಳಿದವರಿಗೆಲ್ಲ ನಾನು ಬರೀ 'ನ್ಯಾಮ್'. ಅವರು ಮಾತ್ರ ಮೂರು ದಿನ ತಿದ್ದಿಸಿಕೊಂಡು ನನ್ನ ಪೂರ್ತಿ ಹೆಸರು ಕಲಿತರು. ಅಂಥವರು ಆ ವಾರ ತುಟಿ ಒಡೆದು, ಕಣ್ಣು ಒಳಗೆ ಹೋಗಿ, ಇವತ್ತು ಯಾವ ವಾರ ಅಂತ ನನ್ನನ್ನು ಎರಡು ಸಲ ಕೇಳಿದರು. ನನಗೆ ಹೆದರಿಕೆಯಾಯಿತು.

ಬೇಸಿಗೆ ಬಂತೆಂದರೆ ನೀನು ಕಟ್ಟೆಯ ಮೇಲೆ ಮಣ್ಣಿನ ಹರವಿ ತುಂಬ ಮಜ್ಜಿಗೆ ಇಡುತ್ತಿದ್ದೆಯಲ್ಲ, ಅದು ನೆನಪಾಯಿತು. ನೀರು ಬೇಡ ಅಂದವರೂ ಮಜ್ಜಿಗೆ ಬೇಡ ಅನ್ನುತ್ತಿರಲಿಲ್ಲ. ಸೀದಾ ಮಿಸೆಸ್ ಡಾಲ್ಟನ್ ಅವರ ಆಫೀಸಿಗೆ ಹೋಗಿ, ನಮ್ಮ ಕಡೆಯ ಮಜ್ಜಿಗೆ ಮಾಡಿ ಕೊಡಲೇ ಅಂತ ಕೇಳಿದೆ. ಟ್ರೇ ಜೋಡಿಸುವವರು ಆ ಕೋಣೆಗೆ ಹೋಗುವ ವಾಡಿಕೆ ಇಲ್ಲ. ಅವರು ತಲೆ ಎತ್ತದೆ, ಇವರೆಲ್ಲ ಪರದೇಶದ ಅಡಿಗೆ ತಿನ್ನುವವರಲ್ಲ, ನಾಳೆ ಮನೆಯವರು ಬಂದು ತಕರಾರು ಮಾಡುತ್ತಾರೆ ಅಂದರು. ನಾನು ಅಲ್ಲೇ ನಿಂತು ಹೇಳಿದೆ: ಇದು ಪರದೇಶದ್ದಲ್ಲ ಮೇಡಂ, ನಿಮ್ಮದೇ ಫ್ರಿಜ್ಜಿನಲ್ಲಿದೆ.

ನಿಜವಾಗಿಯೂ ಇತ್ತು ಅವ್ವ. ಇಲ್ಲಿ ಬಿಸ್ಕಿಟ್ ಅಂತ ಮೆತ್ತನೆಯ ಒಂದು ರೊಟ್ಟಿ ಸುಡುತ್ತಾರೆ. ಅದರ ಹಿಟ್ಟು ಕಲಸಲು ವಾರಕ್ಕೆ ಎರಡು ಸಲ ಮಜ್ಜಿಗೆಯ ಡಬ್ಬಿಗಳು ಬರುತ್ತವೆ. ಮಜ್ಜಿಗೆ ಅನ್ನುತ್ತಾರೆ, ಆದರೆ ನಮ್ಮ ಮೊಸರಿನಷ್ಟು ದಪ್ಪ. ಉಪ್ಪನ್ನೂ ಅವರೇ ಹಾಕಿರುತ್ತಾರೆ. ಒಂದು ಪಾಲಿಗೆ ಮೂರು ಪಾಲು ತಣ್ಣೀರು ಹಾಕಿ ಕಡೆದು, ಹಸಿಶುಂಠಿಯ ರಸ, ಹುರಿದು ಕುಟ್ಟಿದ ಜೀರಿಗೆ, ಒಂದಿಷ್ಟು ಕೊತ್ತಂಬರಿ ಹಾಕಿದೆ. ಮೆಣಸಿನಕಾಯಿ ಹಾಕಲಿಲ್ಲ. ಸೋಸಿ, ಗಾಜಿನ ಗ್ಲಾಸಿನಲ್ಲಿ ಅವರ ಮೇಜಿನ ಮೇಲೆ ಇಟ್ಟೆ. ಮಿಸೆಸ್ ಡಾಲ್ಟನ್ ಒಂದು ಗುಟುಕು ಕುಡಿದರು, ಆಮೇಲೆ ಪೂರ್ತಿ ಕುಡಿದರು. ಉಪ್ಪು ಎಷ್ಟು, ಕೊಬ್ಬು ಎಷ್ಟು, ಒಂದು ಗ್ಲಾಸಿಗೆ ಲೆಕ್ಕ ಬರೆದು ತಾ ಅಂದರು. ಧಾರವಾಡದಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತು. ಬರೆದ ಹಾಳೆಯನ್ನು ಎರಡು ಸಲ ಓದಿ, ಈ ಡಿಗ್ರಿಯ ವಿಷಯ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಹೃದಯದ, ಕಿಡ್ನಿಯ ತೊಂದರೆ ಇದ್ದು ನೀರು ಅಳೆದೇ ಕುಡಿಯಬೇಕಾದ ಆರು ಜನರನ್ನು ಬಿಟ್ಟು, ಎರಡನೆಯ ಮಹಡಿಯಲ್ಲಿ ಮಾತ್ರ ಮೂರು ದಿನ ಕೊಟ್ಟು ನೋಡು ಅಂದರು.

ಮೊದಲು ಮಿಸ್ ಅರ್ನೆಸ್ಟೀನ್ ಅವರ ಕೋಣೆಗೆ ಹೋದೆ. ಏನಿದು ಅಂದರು. ಬಟರ್‌ಮಿಲ್ಕ್ ಅಂದೆ. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದರು. ಒಂದು ಗುಟುಕು ಕುಡಿದು, ಶುಂಠಿ ಯಾರು ಹಾಕಿದ್ದು, ನಮ್ಮಮ್ಮ ಹಾಕುತ್ತಿರಲಿಲ್ಲ ಅಂದರು. ಅವರ ತಾಯಿ ತಂಬಾಕಿನ ಹೊಲಕ್ಕೆ ಮಜ್ಜಿಗೆ ಹೊತ್ತು ತರುತ್ತಿದ್ದರಂತೆ, ಅದನ್ನು ಬಾವಿಯೊಳಗೆ ಇಳಿಬಿಟ್ಟು ತಂಪು ಮಾಡುತ್ತಿದ್ದರಂತೆ. ಗೋವಿನಜೋಳದ ಹಿಟ್ಟಿನ ಬ್ರೆಡ್ಡನ್ನು ಅದರಲ್ಲಿ ಮುರಿದು ಹಾಕಿ ಚಮಚೆಯಿಂದ ತಿನ್ನುತ್ತಿದ್ದರಂತೆ. ನಾವು ಕಟಕರೊಟ್ಟಿ ಮುರಿದು ಹಾಕಿಕೊಳ್ಳುತ್ತೇವೆ ಅಂತ ನಾನು ಹೇಳಿದೆ. ಹಾಗಾದರೆ ನಿಮ್ಮ ಕಡೆಯ ಜನ ಬುದ್ಧಿವಂತರು ಅಂದರು. ಗ್ಲಾಸು ಖಾಲಿಯಾಗಿತ್ತು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡೆ. ಆದರೆ ಮರುದಿನ ಅವರು ಅರ್ಧ ಗ್ಲಾಸಿಗೇ ಸಾಕು ಅಂದರು. ರುಚಿ ಹಿಡಿಸಲಿಲ್ಲವೇ ಅಂದರೆ, ರುಚಿಯ ಮಾತಲ್ಲ ಅಂದರು. ನಾನು ಟ್ರೇ ಕೆಳಗಿಟ್ಟು ಹಾಸಿಗೆಯ ಪಕ್ಕ ಕೂತೆ. ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: ಕುಡಿದರೆ ಬಾತ್‌ರೂಮಿಗೆ ಹೋಗಬೇಕು, ಹೋಗಲು ಗಂಟೆ ಒತ್ತಿ ಯಾರನ್ನಾದರೂ ಕರೆಯಬೇಕು. ನಲವತ್ತೊಂದು ವರ್ಷ ಮಕ್ಕಳು ಕೈ ಎತ್ತಿ ನನ್ನ ಅಪ್ಪಣೆ ಕೇಳಿದರು, ಈಗ ನಾನು ಕೇಳುವುದಿಲ್ಲ.

ಅವ್ವ, ಎಲ್ಲ ಜಗ್ಗುಗಳೂ ಯಾಕೆ ತುಂಬಿದ ಹಾಗೇ ಬರುತ್ತಿದ್ದವು ಅಂತ ನನಗೆ ಆಗ ತಿಳಿಯಿತು. ಅವರ ಹೆಸರು ಹೇಳದೆ ಮಿಸೆಸ್ ಡಾಲ್ಟನ್ ಅವರಿಗೆ ವಿಷಯ ತಿಳಿಸಿದೆ. ಅವರು ಪೆನ್ನು ಕೆಳಗಿಟ್ಟು, ಈ ಇಪ್ಪತ್ತು ವರ್ಷದಲ್ಲಿ ಒಮ್ಮೆಯಾದರೂ ಇದನ್ನು ನಾನೇ ಅವರನ್ನು ಕೇಳಬೇಕಾಗಿತ್ತು ಅಂದರು. ಈಗ ಮಜ್ಜಿಗೆ ಕೊಟ್ಟ ಮುಕ್ಕಾಲು ತಾಸಿಗೆ ಆರೈಕೆಯ ಹುಡುಗಿಯರೇ ಎಲ್ಲ ಕೋಣೆಗಳಿಗೂ ಹೋಗಿ ಕೈ ಹಿಡಿದು ಎಬ್ಬಿಸುತ್ತಾರೆ. ಯಾರೂ ಗಂಟೆ ಒತ್ತಬೇಕಿಲ್ಲ. ಯಾರೂ ಯಾರನ್ನೂ ಕರೆಯಬೇಕಿಲ್ಲ.

ನಾಲ್ಕನೆಯ ದಿನ ಮಿಸ್ ಅರ್ನೆಸ್ಟೀನ್ ನನಗೆ ವಾರ ಯಾವುದೆಂದು ಕೇಳಲಿಲ್ಲ. ಬದಲಿಗೆ ಬಾಗಿಲಿನ ಚಾರ್ಟಿನಲ್ಲಿ ಮಜ್ಜಿಗೆಯ ಲೆಕ್ಕ ಬರೆಯುವಾಗ ನಾನು ಇಂಗ್ಲಿಷ್‌ನಲ್ಲಿ ಮಾಡಿದ್ದ ಒಂದು ತಪ್ಪು ತೋರಿಸಿದರು. ಆಮೇಲೆ ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದ ನೂರು ಡಿಗ್ರಿಯ ಬಿಸಿಲು ಎಷ್ಟೋ ದಿನ ಇತ್ತು, ಆದರೆ ನೀರು ಕಡಿಮೆಯಾಗಿ ಆ ಮಹಡಿಯಿಂದ ಒಬ್ಬರನ್ನೂ ದವಾಖಾನೆಗೆ ಒಯ್ಯಲಿಲ್ಲ. ಈಗ ಮೂರೂ ಮಹಡಿಗೆ ಹತ್ತು ಗಂಟೆಗೆ ಮಜ್ಜಿಗೆ, ಮೂರಕ್ಕೆ ಒಂದೊಂದು ದಿನ ಒಂದೊಂದು: ಕಲ್ಲಂಗಡಿಯ ರಸ, ಪುದೀನಾ ಹಾಕಿದ ಲಿಂಬು, ಸಕ್ಕರೆ ಕಾಯಿಲೆಯವರಿಗೆ ಸವತೆಕಾಯಿ ತುಂಡು ಹಾಕಿ ತಣಿಸಿದ ನೀರು. ಬೆಲ್ಲದ ಪಾನಕ ಮಾಡಲು ಬೆಲ್ಲ ಹುಡುಕುತ್ತಿದ್ದೇನೆ. ಅಡುಗೆಮನೆಯ ಗೋಡೆಯ ಮೇಲೆ ಅಚ್ಚು ಹಾಕಿದ ಪಟ್ಟಿಯಲ್ಲಿ 'ಶಿವಬಸಮ್ಮಾಸ್ ಬಟರ್‌ಮಿಲ್ಕ್' ಅಂತ ನಿನ್ನ ಹೆಸರೇ ಇದೆ. ಹೆಸರು ಏನಿಡೋಣ ಅಂತ ಮಿಸೆಸ್ ಡಾಲ್ಟನ್ ಕೇಳಿದಾಗ ನಾನು ಯೋಚನೆ ಮಾಡಲಿಲ್ಲ. ಇಲ್ಲಿ ಯಾರಿಗೂ ಅದನ್ನು ಸರಿಯಾಗಿ ಅನ್ನಲು ಬರುವುದಿಲ್ಲ, ಆದರೂ ದಿನಾ ಅನ್ನುತ್ತಾರೆ.

ಹೋದ ಶನಿವಾರ ಕನ್ನಡ ಕೂಟದ ಪಿಕ್ನಿಕ್ಕಿಗೆ ಕಲ್ಮೇಶ್ ಅವರೇ ಹೇಳಿ ಮಜ್ಜಿಗೆ ಮಾಡಿಸಿದರು. ದೊಡ್ಡ ಕೂಲರನ್ನು ತಾವೇ ಹೊತ್ತು ತಂದರು. ಬೆಂಗಳೂರಿನ ಮುರಳೀಧರ ಅಂಕಲ್ ಎರಡು ಗ್ಲಾಸು ಕುಡಿದು, ನಮ್ರತಾ ಎಲ್ಲಿ ವರ್ಕ್ ಮಾಡೋದು ಅಂತ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಇವರು, ಓಲ್ಡ್ ಏಜ್ ಹೋಮಿನ ಕಿಚನ್‌ನಲ್ಲಿ ಅಂದರು. ಆಮೇಲೆ ನಿಂತಲ್ಲೇ ಎಲ್ಲರಿಗೂ ಈ ಕಥೆ ಪೂರ್ತಿ ಹೇಳಿದರು. ನಡುನಡುವೆ ಒಂದಿಷ್ಟು ಹೆಚ್ಚಿಗೇ ಸೇರಿಸಿದರು. ನಾನು ತಡೆಯಲಿಲ್ಲ.

ಮಿಸೆಸ್ ಡಾಲ್ಟನ್ ಅವರ ಶಿಫಾರಸಿನ ಮೇಲೆ ಮುಂದಿನ ವಾರದಿಂದ ಸಂಜೆ ಕಾಲೇಜಿನಲ್ಲಿ ಆಹಾರದ ಕೋರ್ಸಿಗೆ ಸೇರುತ್ತಿದ್ದೇನೆ. ಎರಡು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಬೆಳಿಗ್ಗೆ ಟ್ರೇ ಜೋಡಿಸುವುದು ಇದ್ದೇ ಇದೆ.

ನಿನಗೆ ಸಿಟ್ಟು ಬಂದಿದ್ದರೆ ಬೈದು ಬರೆ. ಆದರೆ ಬೇಗ ಬರೆ.

ನಿನ್ನ ಮಗಳು,
ನಮ್ರತಾ

ತಾ.ಕ.: ಪಡಸಾಲೆಯಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟ ನನ್ನ ಫೋಟೋ ಇದೆಯಲ್ಲ, ದೊಡ್ಡ ಕಲ್ಲಿನ ಕಟ್ಟಡದ ಮುಂದೆ ಇಳಕಲ್ ಸೀರೆ ಉಟ್ಟು ನಿಂತದ್ದು, ಆ ಕಟ್ಟಡ ನನ್ನ ದವಾಖಾನೆಯಲ್ಲ. ಅದು ಈ ಊರಿನ ವಿಶ್ವವಿದ್ಯಾಲಯ. ಒಂದು ರವಿವಾರ ಅಡ್ಡಾಡಲು ಹೋದಾಗ, ನಿನಗೆ ಕಳಿಸಲಿಕ್ಕೆಂದೇ ಅಲ್ಲಿ ನಿಂತು ತೆಗೆಸಿಕೊಂಡೆ. ಒಳಗೆ ಕಾಲಿಟ್ಟವಳೂ ಅಲ್ಲ. ಈ ಲಕೋಟೆಯಲ್ಲಿ ಬೇರೆ ಒಂದು ಇಟ್ಟಿದ್ದೇನೆ. ತಲೆಗೆ ಬಲೆ, ಮೈಮೇಲೆ ಏಪ್ರನ್, ಕೈಯಲ್ಲಿ ಸ್ಟೀಲ್ ಜಗ್. ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತವರೇ ಮಿಸ್ ಅರ್ನೆಸ್ಟೀನ್. ಹಳೆಯದನ್ನು ತೆಗೆದು ಇದನ್ನು ಹಾಕಿಸು. ಅಳತೆ ಒಂದೇ ಇದೆ, ನೋಡಿಯೇ ಪ್ರಿಂಟ್ ಹಾಕಿಸಿದ್ದೇನೆ.